ನಿಮ್ಮಮ್ಮನ ಹರಿಹರದ ಅಮ್ಮೀ

ಚಿನ್ನೀ, ಗುಂಡಾ,

ಮಧ್ಯಾಹ್ನ ನಿಮ್ಮಮ್ಮನಿಗೆ ಫೋನು ಬಂದರೆ ಅಜ್ಜಿಯ ಮುಖ ಯಾಕೆ ಹುಣಸೆಹಣ್ಣು ತಿಂದ ಹಾಗೆ ಆಗುತ್ತದೆ ಎಂದು ನೀವಿಬ್ಬರೂ ಒಂದು ದಿನ ಕೇಳಿ ನಕ್ಕಿರಿ. ಅವತ್ತು ನಾನು ಏನೂ ಹೇಳಲಿಲ್ಲ. ಬಾಯಿಂದ ಹೇಳುವುದು ನನಗೆ ಬರುವುದಿಲ್ಲ. ನನ್ನ ತವರೂರು ಸಾರಥಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಆಮೇಲೆ ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ ಅಂದುಕೊಳ್ಳಿ.

ನಿಮ್ಮ ಪ್ರಶ್ನೆಗೆ ಉತ್ತರ ಹೊಟ್ಟೆಕಿಚ್ಚು. ನನಗೆ ಹರಿಹರದ ಒಬ್ಬ ಮುದುಕಿಯ ಮೇಲೆ ಹೊಟ್ಟೆಕಿಚ್ಚು.

ಅಜ್ಜ ತೀರಿಕೊಂಡ ಮೇಲೆ ಗುತ್ತೂರಿನ ಮನೆಗೆ ಬೀಗ ಹಾಕಿ ನಿಮ್ಮಪ್ಪ ನನ್ನನ್ನು ದಾವಣಗೆರೆಗೆ ಕರೆದುಕೊಂಡು ಬಂದ. ಇಲ್ಲಿ ನನಗೆ ಯಾವುದಕ್ಕೂ ಕಡಿಮೆ ಇಲ್ಲ. ನಿಮ್ಮಮ್ಮ ಒಂದು ದಿನವೂ ನನಗೆ ತಂಗಳು ಬಡಿಸಿದವಳಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಚಪ್ಪಲಿ ಮೆಟ್ಟುತ್ತಲೇ ಕೇಳುತ್ತಾಳೆ.

"ಅತ್ತೆ, ಬಿ.ಪಿ. ಗುಳಿಗಿ?"

"ತಗೊಂಡೆ."

"ರೊಟ್ಟಿ ಮೆತ್ತಗಾಗ್ಯಾವಾ?"

"ಹ್ಞೂಂ."

ನಮ್ಮಿಬ್ಬರ ಮಾತು ಬಹಳ ವರ್ಷ ಇಷ್ಟೇ ಇತ್ತು. ಅವಳಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗುವುದಿಲ್ಲ, ಅದೇ ನನಗೆ ಇನ್ನೂ ಸಿಟ್ಟು ಬರಿಸುತ್ತಿತ್ತು.

ನನ್ನೊಳಗೆ ಒಂದು ವಿಷಯ ಇತ್ತು. ನಿಮ್ಮಜ್ಜನ ಬಗ್ಗೆ. ಅವರು ಹೋದ ದಿನವೇ, ಬಾಗಿಲಲ್ಲಿ ನಿಂತ ಅವರ ಕಾರ್ಖಾನೆಯ ಜೊತೆಗಾರರೊಬ್ಬರ ಬಾಯಿಂದ ನನಗೆ ತಿಳಿದದ್ದು. ಅವತ್ತಿನಿಂದ ಅದು ಗಂಟಲ ತನಕ ಬಂದು ನಿಲ್ಲುತ್ತಿತ್ತು. ಮಗನಿಗೆ ಹೇಳುವ ಮಾತಲ್ಲ ಅದು, ಗಂಡ ಹೆಂಡಿರ ಮಾತು. ಹೆಣ್ಣುಮಗಳೊಬ್ಬಳ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸುತ್ತಿತ್ತು. ನನಗೆ ಹೆಣ್ಣುಮಕ್ಕಳಿಲ್ಲ. ನಿಮ್ಮಮ್ಮನಿಗೆ ಹೇಳಬೇಕು ಎಂದು ಎಷ್ಟೋ ಸಂಜೆ ಕಾದಿದ್ದೇನೆ.

ಈಗ ನಿಮ್ಮಮ್ಮನ ಕೆಲಸದ ಬಗ್ಗೆ ಹೇಳಬೇಕು. ವಯಸ್ಸಾದವರ ಮನೆಗಳಿಗೆ ಹೋಗಿ ಅವರ ಹತ್ತಿರ ಕೂತು ಮಾತಾಡಿಸಿ ಬರುವುದು ಅವಳ ಕೆಲಸ. ದಾವಣಗೆರೆಯಲ್ಲೂ ಹೋಗುತ್ತಾಳೆ, ವಾರಕ್ಕೊಮ್ಮೆ ಹರಿಹರಕ್ಕೂ ಹೋಗುತ್ತಾಳೆ. ಮೊದಲ ಸಲ ಕೇಳಿದಾಗ ನಾನು ನಿಮ್ಮಪ್ಪನನ್ನು ಕೇಳಿದ್ದೆ.

"ಮಾತಾಡ್ಸೋಕೂ ಸಂಬಳ ಕೊಡ್ತಾರೇನೋ?"

"ಅದೇನು ಸಣ್ಣ ಕೆಲಸ ಅಲ್ಲವ್ವಾ. ಮೈಗೆ ಜ್ವರ ಬಂದಂಗೆ ಮನಸಿಗೂ ಬರ್ತತೆ. ವಯಸ್ಸಾದೋರಿಗೆ ಜಾಸ್ತಿ. ಅದನ್ನ ಗುರ್ತು ಹಿಡಿಯಾಕ ಟ್ರೈನಿಂಗ್ ತಗೊಂಡಾಳ ಆಕಿ."

ನಮ್ಮ ಕಡೆ ಹಿಂದೆ ಮುದುಕರು ಮಾತು ಬಿಟ್ಟರೆ ಅರಳು ಮರಳು ಅನ್ನುತ್ತಿದ್ದರು. ಊಟವನ್ನೂ ಬಿಟ್ಟರೆ ಗಾಳಿ ಬಡಿದಿದೆ ಎಂದು ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋಗುತ್ತಿದ್ದರು. ನಿಮ್ಮಮ್ಮ ಅದಕ್ಕೆ ಅಡ್ಡ ಬರುವವಳಲ್ಲ. "ಹೋಗಿ ಅಜ್ಜಯ್ಯನ ದರ್ಶನ ಮಾಡ್ಕೊಂಡು ಬರ್ರಿ. ಬಂದ ಮ್ಯಾಲೆ ಡಾಕ್ಟ್ರಿಗೂ ತೋರಿಸ್ರಿ. ಆದ್ರ ದಿನಾ ಒಂದು ಸ್ವಲ್ಪ ಹೊತ್ತು ಅವರ ಹತ್ರ ಕೂಡ್ರಿ, ಸುಮ್ನೆ ಕೂತ್ರೂ ಸಾಕು" ಎಂದು ಫೋನಿನಲ್ಲಿ ಯಾರಿಗೋ ಹೇಳುವುದನ್ನು ಕೇಳಿದ್ದೇನೆ. ಕೇಳಿ ಒಳಗೇ ಉರಿದಿದ್ದೇನೆ. ಊರಿನವರಿಗೆಲ್ಲ ಹತ್ತಿರ ಕೂಡ್ರಿ ಎಂದು ಹೇಳುವವಳು ನನ್ನ ಹತ್ತಿರ ಒಂದು ದಿನ ಕೂತಳೇ?

ಹರಿಹರದ ಆ ಮುದುಕಿಯೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವಳು. ಸಾಬರ ಮನೆ, ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದಾರೆ. ಗಂಡ ಹೋದ ಮೇಲೆ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳಂತೆ. ನಿಮ್ಮಮ್ಮ ವಾರ ವಾರ ಹೋಗಿ ಕೂತು ಕೂತು ಕೊನೆಗೆ ಆಕೆ ಈ ಕಡೆ ಹೊರಳಿದಳಂತೆ. ಆಮೇಲಿಂದ ಆಕೆಯೇ ಫೋನು ಮಾಡುತ್ತಾಳೆ, ನಿಮ್ಮಮ್ಮ ಮನೆಗೆ ಊಟಕ್ಕೆ ಬರುವ ಹೊತ್ತು ನೋಡಿಕೊಂಡು.

ಆ ಫೋನು ಬಂದರೆ ನಿಮ್ಮಮ್ಮ ಬೇರೆಯೇ ಹೆಂಗಸು. ತಾಟಿನಲ್ಲಿ ಅನ್ನ ಒಣಗಿದರೂ ಅವಳಿಗೆ ಖಬರಿಲ್ಲ.

"ಹೇಳ್ರಿ ಅಮ್ಮೀ... ಹೌದಾ?... ಅಯ್ಯೋ! ಆಮ್ಯಾಲೆ?"

ಅಮ್ಮೀ. ಆ ಒಂದು ಕರೆಗೇ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗೆ ಆಗುತ್ತಿತ್ತು. ನಿಮ್ಮಮ್ಮನಿಗೆ ತಾಯಿ ಇಲ್ಲ, ನಿಮಗೂ ಗೊತ್ತು. ಅವಳು ಸಣ್ಣವಳಿದ್ದಾಗಲೇ ಹೋದರು. ಮದುವೆಯಾಗಿ ಬಂದಾಗ ನನ್ನನ್ನು ಅಮ್ಮ ಅನ್ನಬಹುದು ಎಂದು ನಾನು ಕಾದಿದ್ದೆ. ಅತ್ತೆ ಅಂದಳು. ಇರಲಿ, ಅದೂ ಸರಿಯೇ, ನಾನು ಅತ್ತೆಯೇ. ಆದರೆ ನನಗೆ ಸಿಗದಿದ್ದನ್ನು ಹರಿಹರದ ಗಾದಿ ಅಂಗಡಿಯ ಮುದುಕಿಗೆ ಯಾಕೆ ಕೊಟ್ಟಳು?

ಅದಕ್ಕಿಂತ ಹೆಚ್ಚು ಸುಡುತ್ತಿದ್ದುದು "ಆಮ್ಯಾಲೆ?" ಅನ್ನುವುದು. ನನಗೆ ಯಾರೂ ಆಮೇಲೆ ಎಂದು ಕೇಳಿದವರಿಲ್ಲ. ಗುಳಿಗೆ ತಗೊಂಡೆ ಅಂದರೆ ಆಮೇಲೆ ಏನು ಎಂದು ಯಾರು ಕೇಳುತ್ತಾರೆ?

ಫೋನು ಬರುವ ಹೊತ್ತಿಗೆ ನಾನು ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯ ಹೊರಗೆ ಕೂರಲು ಶುರು ಮಾಡಿದೆ. ಆ ದಿನಗಳಲ್ಲಿ ನಮ್ಮ ಮನೆಯ ಅನ್ನದಲ್ಲಿ ಒಂದು ಕಲ್ಲೂ ಇರಲಿಲ್ಲ. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದೆ. ಆ ಕಡೆಯ ಮಾತು ನನಗೆ ಕೇಳುತ್ತಿರಲಿಲ್ಲ, ನಿಮ್ಮಮ್ಮನ ನಗು ಮಾತ್ರ ಕೇಳುತ್ತಿತ್ತು. ಆ ಮುದುಕಿ ತನ್ನ ಗಂಡನ ಸುದ್ದಿ ಹೇಳುತ್ತಿದ್ದಳು ಎಂದು ನಿಮ್ಮಮ್ಮನ ಮಾತಿನಿಂದಲೇ ತಿಳಿಯುತ್ತಿತ್ತು. "ನಿಮ್ಮ ಯಜಮಾನ್ರು ಹಂಗಂದ್ರಾ? ಭಾರಿ ಇದ್ರು ಬಿಡ್ರಿ!" ಎಂದು ನಗುತ್ತಿದ್ದಳು. ನನ್ನ ಯಜಮಾನರು ಅದಕ್ಕಿಂತ ಭಾರಿ ಇದ್ದರು. ಅದನ್ನು ಕೇಳುವವರು ಇರಲಿಲ್ಲ.

ರಂಜಾನ್ ಹಬ್ಬಕ್ಕೆ ಆಕೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಸುರಕುಂಬಾ ಕಳಿಸಿದಳು. ಶ್ಯಾವಿಗೆ, ಹಾಲು, ಗೋಡಂಬಿ. ನೀವಿಬ್ಬರೂ ಡಬ್ಬಿ ನೆಕ್ಕಿದಿರಿ. ನಾನೂ ಒಂದು ಬಟ್ಟಲು ತಿಂದು "ಸಕ್ರಿ ಭಾಳಾತು" ಅಂದೆ. ಸಕ್ಕರೆ ಸರಿಯಾಗಿಯೇ ಇತ್ತು. ಮರುವಾರ ನಿಮ್ಮಮ್ಮ ಹರಿಹರಕ್ಕೆ ಹೊರಟಾಗ ಆ ಡಬ್ಬಿಯನ್ನು ನಾನೇ ತೊಳೆದು, ಒರೆಸಿ, ಚೀಲದಲ್ಲಿ ಇಟ್ಟೆ. ಖಾಲಿ ಇಟ್ಟೆ. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು ಎನ್ನುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಿಮ್ಮಮ್ಮ ಅವಸರದಲ್ಲಿ ನೋಡಲಿಲ್ಲ. ಆ ಮುದುಕಿ ಮುಚ್ಚಳ ತೆಗೆಯುವಾಗ ಅವಳ ಮುಖ ಹೇಗಾಗಿರಬಹುದು ಎಂದು ನಾನು ಇಡೀ ದಿನ ಯೋಚಿಸಿ ಸಂತೋಷಪಟ್ಟೆ.

ಅದೂ ಸಾಲದೆ ಒಂದು ದಿನ "ಎದಿ ಭಾರ ಅನಸ್ತತೆ" ಅಂದೆ. ಪೂರ್ತಿ ಸುಳ್ಳಲ್ಲ, ಭಾರ ಇತ್ತು. ನಿಮ್ಮಮ್ಮ ಕೆಲಸಕ್ಕೆ ರಜೆ ಹಾಕಿ, ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು. ಎದೆಗೆ ವೈರು ಹಚ್ಚಿ ನೋಡಿದರು. ಡಾಕ್ಟರು "ಏನೂ ಇಲ್ಲ, ಗ್ಯಾಸು" ಎಂದು ಗುಳಿಗೆ ಬರೆದರು. ಅಷ್ಟು ಹೊತ್ತೂ ನಿಮ್ಮಮ್ಮ ಡಾಕ್ಟರ ಜೊತೆ ಮಾತಾಡಿದಳು, ನರ್ಸಮ್ಮನ ಜೊತೆ ಮಾತಾಡಿದಳು. ವಾಪಸ್ಸು ಬರುವಾಗ ಆಟೋದಲ್ಲಿ, ಈಗ ಹೇಳೋಣ ಎಂದು ನಾನು ಬಾಯಿ ತೆರೆದೆ. ಫೋನು ಬಂತು. "ಅಮ್ಮೀ, ನಮ್ಮತ್ತೆ ಆರಾಮ ಅದಾರಂತೆ, ಬರೇ ಗ್ಯಾಸಂತೆ" ಎಂದಳು. ನನ್ನ ಗ್ಯಾಸು ಹರಿಹರದವರೆಗೂ ಹೋಯಿತು.

ಹೀಗಿರುವಾಗ ಒಂದು ವಾರ ಆ ಫೋನು ಬರಲೇ ಇಲ್ಲ. ಮೊದಲ ದಿನ ನನಗೆ ಹಬ್ಬ. ಎರಡನೆಯ ದಿನವೂ ಹಬ್ಬ. ಆಮೇಲೆ ನಿಮ್ಮಮ್ಮನ ಮುಖ ನೋಡಲಾಗಲಿಲ್ಲ. ಅವಳೇ ಫೋನು ಹಚ್ಚಿದರೆ ಸ್ವಿಚ್ ಆಫ್. ಮಗನ ನಂಬರಿಗೆ ಹಚ್ಚಿದರೆ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಆ ವಾರ ಅವಳಿಗೆ ದಾವಣಗೆರೆಯಲ್ಲೇ ಕೆಲಸ ಬಿದ್ದು ಹರಿಹರದ ಪಾಳಿ ತಪ್ಪಿತ್ತು. "ಮತ್ತೆ ಗ್ವಾಡಿ ಕಡೆ ಮಖ ಮಾಡ್ಯಾರೇನೋ" ಎಂದು ರೊಟ್ಟಿ ಬಡಿಯುತ್ತಾ ತನ್ನಷ್ಟಕ್ಕೇ ಅಂದುಕೊಂಡಳು. ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ಹೊರಟೇಬಿಟ್ಟಳು.

"ನಾನೂ ಬರ್ತೀನಿ" ಅಂದೆ.

ನಿಮ್ಮಮ್ಮ ತಿರುಗಿ ನೋಡಿದಳು. ನಾನು ನಾನಾಗಿಯೇ ಎಲ್ಲಿಗೂ ಬರುತ್ತೇನೆ ಎಂದವಳಲ್ಲ.

"ಹರಿಹರೇಶ್ವರನ ಗುಡಿಗೆ ಹೋಗಿ ಭಾಳ ದಿನ ಆತು" ಎಂದೆ. ದೇವರು ನನ್ನನ್ನು ಕ್ಷಮಿಸಿರಬೇಕು. ನನಗೆ ನೋಡಬೇಕಿದ್ದುದು ಆ ಹೆಂಗಸನ್ನು.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೆಟು ತಗೊಂಡು ಹೋದೆವು. ಜನ ತುಂಬಿದ್ದರು, ನಾನು ಮುಂದೆ, ಅವಳು ಹಿಂದೆ. ಹರಿಹರದಲ್ಲಿ ಇಳಿದು ಒಂದು ಸಂದಿಗೆ ಹೋದೆವು. ಸಂದಿಯ ಮೂಲೆಯಲ್ಲೇ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಮುಂದುಗಡೆ ಅಂಗಡಿ, ಅದರೊಳಗೆ ಹತ್ತಿ ಹಿಂಜುವ ಮಿಷಿನ್ನು ಗುರ್ ಎಂದು ಕೂಗುತ್ತಿತ್ತು. ಆ ಸದ್ದಿನಲ್ಲಿ ಮಗನಿಗೆ ಫೋನು ಹೇಗೆ ಕೇಳೀತು! ನಮ್ಮನ್ನು ನೋಡಿ ಆತ ಮಿಷಿನ್ ನಿಲ್ಲಿಸಿ ನಗುತ್ತಾ ಒಳಗೆ ಕೈ ತೋರಿಸಿದ.

ಆಕೆ ಮಂಚದ ಮೇಲೆ ನೆಟ್ಟಗೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ನನಗಿಂತ ಸಣ್ಣ ದೇಹ. ಹುಬ್ಬಿನ ಮೇಲೂ ಒಂದು ಹತ್ತಿಯ ಎಳೆ.

"ಅಮ್ಮೀ! ಏನಾಗಿತ್ರಿ?" ನಿಮ್ಮಮ್ಮ ಹೊಸ್ತಿಲಲ್ಲೇ ಕೇಳಿದಳು.

"ಅರೆ, ನನಗೇನಾತು? ಫೋನಿಗೆ ಆತು. ಸಣ್ಣ ಕೂಸು ಅದಕ್ಕ ಸ್ನಾನ ಮಾಡಸ್ತು, ಬಕೀಟನ್ಯಾಗೆ ಹಾಕಿ. ನಿನ್ನ ನಂಬರು ಅದರೊಳಗೇ ಇತ್ತು ಬೇಟಿ. ಮಗನಿಗೆ ಹುಡುಕಿಕೊಡು ಅಂದ್ರ ನಾಳೆ ನಾಳೆ ಅಂತಾನೆ."

ನಿಮ್ಮಮ್ಮ ನಕ್ಕಳು, ಕಣ್ಣೊರೆಸಿಕೊಂಡಳು, ಆಕೆಯ ಕೈ ಹಿಡಿದುಕೊಂಡಳು. ನಾನು ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ನೋಡಿದೆ. ನನ್ನ ಎದೆಗೆ ವೈರು ಹಚ್ಚಿದ ದಿನ ಅವಳ ಕಣ್ಣಲ್ಲಿ ನೀರು ಬಂದಿತ್ತೇ ಎಂದು ನೆನಪು ಮಾಡಿಕೊಂಡೆ. ನಾನು ಅವತ್ತು ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದೆ, ಅವಳ ಮುಖ ನೋಡಿರಲಿಲ್ಲ.

ಆ ಮನೆಯ ಸೊಸೆ ನಿಮ್ಮಮ್ಮನನ್ನು ಏನೋ ಕೇಳಬೇಕೆಂದು ಒಳಗೆ ಕರೆದಳು. ನಾವಿಬ್ಬರೇ ಉಳಿದೆವು. ಆಕೆ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು.

"ಬರ್ರಿ, ಕೂಡ್ರಿ. ಖಾಲಿ ಡಬ್ಬಿ ಅಮ್ಮಾರು ನೀವೇ ಏನ್ರಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅವಸರದಾಗೆ ಮರ್ತಿದ್ದೆ" ಅಂದೆ.

"ಮರ್ತೋರು ಅಷ್ಟು ಚೆಂದಾಗಿ ಒರಸಲ್ರಿ" ಎಂದು ಆಕೆ ಎಲೆಯನ್ನು ಬಾಯಿಗೆ ಹಾಕಿಕೊಂಡಳು. "ಕೂಡ್ರಿ, ನನಗೂ ಕುತ್ತಿಗಿ ಎತ್ತಿ ನೋಡಿ ನೋಡಿ ನೋವಾತು. ಆದ್ರ ಕೂತ ಮ್ಯಾಲೆ ನಿಮ್ಮ ಸೊಸಿ ಬಂದ್ಲು ಅಂತ ಎದ್ದು ಹೋಗಬ್ಯಾಡ್ರಿ ಮತ್ತೆ."

"ಯಾಕ್ ಹಂಗಂತೀರಿ?"

"ಆ ಹುಡುಗಿ ಹೇಳ್ಯಾಳಲ್ಲ. 'ಅಮ್ಮೀ, ನಾ ಬಂದು ಕೂತ್ರೆ ನಮ್ಮತ್ತೆ ಎದ್ದು ಹಿತ್ತಲಿಗೆ ಹೋಗ್ತಾರೆ. ಮದುವಿ ಆಗಿ ಬಂದ ದಿನದಿಂದ ಹಿಂಗೇ. ನನ್ನ ಕಂಡ್ರೆ ಅವರಿಗೆ ಆಗಲ್ಲ, ಅದಕ್ಕ ನಾನೂ ಅವರು ಕೂತ ಕಡೆ ಹೋಗೋದು ಬಿಟ್ಟೀನಿ' ಅಂತ."

ಮಕ್ಕಳೇ, ಆ ಕ್ಷಣ ನನಗೆ ಬಂದ ಕಿಚ್ಚು ಹಿಂದೆ ಬಂದದ್ದೆಲ್ಲಕ್ಕಿಂತ ದೊಡ್ಡದು. ಈಕೆಯೇ ಅವಳಿಗೆ ತನ್ನ ಕಥೆ ಹೇಳಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನಿಮ್ಮಮ್ಮನೂ ಈಕೆಗೆ ತನ್ನ ಒಳಗಿನದನ್ನು ಹೇಳಿದ್ದಳು. ಅದೂ ನನ್ನ ಬಗ್ಗೆ. ನನ್ನ ಮನೆಯ ಮಾತು, ನನಗೇ ಗೊತ್ತಿಲ್ಲದ್ದು, ಈ ಮಂಚದ ಮೇಲೆ ಕೂತಿದ್ದ ಈಕೆಗೆ ಗೊತ್ತಿತ್ತು.

ಸಿಟ್ಟಿಗೆ ನನ್ನ ನಾಚಿಕೆ ಎಲ್ಲಿ ಹೋಯಿತೋ. ಮಂಚದ ತುದಿಗೆ ಕೂತೆ. ಕೂತು ಹೇಳಿದೆ.

"ನಾ ಎದ್ದು ಹೋಗ್ತಿದ್ದುದು ಆಕಿ ಕೂತ್ಕೊಳ್ಳಲಿ ಅಂತ."

"ಹೆಂಗೆ?"

ನಾನು ಗುತ್ತೂರಿಗೆ ಸೊಸೆಯಾಗಿ ಹೋದಾಗ, ಅತ್ತೆ ಕೂತಿರುವಲ್ಲಿ ಸೊಸೆ ಕೂರುವಂತಿರಲಿಲ್ಲ. ಅದು ಹೇಳಿಕೊಟ್ಟು ಕಲಿಯುವ ಮಾತಲ್ಲ, ಎಲ್ಲರ ಮನೆಯಲ್ಲೂ ಹಾಗೇ ಇತ್ತು. ನಮ್ಮತ್ತೆ ಸಂಜೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಂತಿರುತ್ತಿದ್ದೆ. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗಲೂ ನಿಂತಿದ್ದೇನೆ. ಅವರು ಎದ್ದು ಪಕ್ಕದ ಮನೆಗೆ ಹೋದರೆ ಮಾತ್ರ ನನ್ನ ಕಾಲಿಗೆ ಬಿಡುವು. ಅತ್ತೆಯಾದವಳು ಸೊಸೆಗೆ ಮಾಡಬಹುದಾದ ಉಪಕಾರ ಎಂದರೆ ಎದ್ದು ಹೋಗುವುದು ಎಂದು ನಾನು ಆವಾಗಲೇ ತಿಳಿದುಕೊಂಡುಬಿಟ್ಟೆ. ನನಗೊಬ್ಬ ಸೊಸೆ ಬಂದರೆ ಅವಳನ್ನು ಒಂದು ದಿನವೂ ನಿಲ್ಲಿಸಬಾರದು ಅಂದುಕೊಂಡಿದ್ದೆ. ನಿಮ್ಮಮ್ಮ ದಣಿದು ಮನೆಗೆ ಬಂದಾಗಲೆಲ್ಲ ಅದಕ್ಕೇ ನಾನು ತಟ್ಟನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಅವಳು ಆರಾಮಾಗಿ ಕಾಲು ಚಾಚಿಕೊಳ್ಳಲಿ ಎಂದು.

ಇದನ್ನೆಲ್ಲ ಹೇಳಿದೆ. ನನ್ನ ಜೀವಮಾನದಲ್ಲಿ ಪರಿಚಯವಿಲ್ಲದ ಒಬ್ಬರ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಆಕೆ ನಗಲು ಶುರು ಮಾಡಿದಳು. ಎಲೆ ನೆತ್ತಿಗೆ ಹತ್ತಿ ಕೆಮ್ಮಿದಳು. ನಾನೇ ಚೊಂಬು ಎತ್ತಿ ನೀರು ಕೊಟ್ಟೆ.

"ಆಕಿ ಕೂಡ್ಲಿ ಅಂತ ನೀವು ಹೊರಗ. ನೀವು ಕೂಡ್ಲಿ ಅಂತ ಆಕಿ ಹೊರಗ. ಹಂಗಾದ್ರ ಆ ಪಡಸಾಲ್ಯಾಗೆ ಇಷ್ಟು ವರ್ಷ ಕೂತೋರು ಯಾರ್ರಿ? ಬೆಕ್ಕಾ?"

ನನಗೂ ನಗು ಬಂತು, ತಡೆದುಕೊಂಡೆ. ಆಕೆಯ ಮುಂದೆ ನಗುವುದು ನನಗೆ ಬೇಕಿರಲಿಲ್ಲ.

"ನೀವೇ ಆಕಿಗೆ ಹೇಳಿಬಿಡ್ರಿ. ನನಗೆ ಬಾಯಿ ಬರಲ್ಲ" ಅಂದೆ.

"ನಾ ಯಾಕ ಹೇಳ್ಲಿ?" ಆಕೆ ಚೊಂಬು ಕೆಳಗಿಟ್ಟಳು. ಈಗ ನಗುತ್ತಿರಲಿಲ್ಲ. "ನಾ ಹೇಳಿದ್ರೆ ಆಕಿ ನಾಳಿಂದ ನಿಮ್ಮ ಹತ್ರ ಕೂತ್ಬಿಡ್ತಾಳೆ. ನನ್ನ ಫೋನು ಯಾರು ಎತ್ತಬೇಕು? ನಿಮಗೇನ್ರೀ, ಒಂದೇ ಮನ್ಯಾಗೆ ಅದೀರಿ. ಆಕಿ ಕೈಯಾಗಿನ ರೊಟ್ಟಿ ದಿನಾ ತಿಂತೀರಿ. ನನಗೆ ವಾರಕ್ಕೊಂದು ತಾಸು."

ಅಲ್ಲಿಯವರೆಗೆ ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಸತ್ಯ ಹೇಳುತ್ತೇನೆ, ಸ್ವಲ್ಪ ಹಿತವಾಯಿತು.

"ಮನಿ ತುಂಬ ಮಂದಿ ಅದಾರಲ್ರಿ ನಿಮಗ" ಅಂದೆ.

"ಅದಾರೆ. ಒಳ್ಳೇ ಮಂದೀನೇ. ಉಂಡ್ಯಾ ಅಂತಾರೆ, ಗುಳಿಗಿ ತಗೊಂಡ್ಯಾ ಅಂತಾರೆ. ಹ್ಞೂಂ ಅಂದ್ರೆ ಅವರ ಕೆಲಸ ಮುಗೀತು. ನಮ್ಮೆಜಮಾನ್ರು ಹೋದ ಮ್ಯಾಲೆ ಆ ಹ್ಞೂಂ ಅನ್ನೋದೂ ಬ್ಯಾಡಾತು ನನಗೆ. ಈ ಹುಡುಗಿ ಬಂದ್ಲು. ಏನೂ ಕೇಳ್ಲಿಲ್ಲ. ಅಲ್ಲಿ ಕೆಳಗ ಕೂತು ನೆಲದ ಮ್ಯಾಲಿನ ಹತ್ತಿ ಆರಿಸಿ ಉಂಡಿ ಮಾಡ್ತಾ ಕೂತ್ಲು. ಎಷ್ಟೋ ವಾರ ಹಂಗೇ. ಒಂದಿನ ಅಟ್ಟದ ಮ್ಯಾಲೆ ನೋಡಿ, ಅದೇನಮ್ಮೀ ಅಷ್ಟು ದೊಡ್ಡ ಬಿಲ್ಲು ಅಂದ್ಲು. ಅದು ಅವರ ಬಿಲ್ಲು, ಹತ್ತಿ ಹಿಂಜೋದು, ಮಿಷಿನ್ನು ಬರೋಕಿಂತ ಮೊದ್ಲಿಂದು. ಅಂಥದಕ್ಕ ಹ್ಞೂಂ ಅಂದ್ರ ಆಗಲ್ಲಲ್ರಿ? ಹೇಳಬೇಕಾತು. ಹೇಳಿದೆ. 'ಆಮ್ಯಾಲೆ?' ಅಂದ್ಲು."

ಆಕೆ ಅಟ್ಟದ ಕಡೆ ನೋಡಿದಳು. ನಾನೂ ನೋಡಿದೆ. ಬಿಲ್ಲಿನ ಮೇಲೆ ಧೂಳಿರಲಿಲ್ಲ, ಯಾರೋ ಒರೆಸಿದ್ದರು.

ನಿಮ್ಮಮ್ಮ ಹೊರಗೆ ಬಂದಳು. ನನ್ನ ಮೊಣಕಾಲು ಆಗಲೇ ಅರ್ಧ ಎದ್ದಿತ್ತು. ಮುದುಕಿ ನನ್ನ ಸೆರಗಿನ ತುದಿಯನ್ನು ತನ್ನ ತೊಡೆಯ ಕೆಳಗೆ ಒತ್ತಿ ಹಿಡಿದಿದ್ದಳು. ಎದ್ದರೆ ಸೆರಗು ಜಾರುತ್ತದೆ. ಹಾಗೇ ಕೂತೆ. ನಿಮ್ಮಮ್ಮ ನಮ್ಮಿಬ್ಬರನ್ನೂ ಒಂದೇ ಮಂಚದ ಮೇಲೆ ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ನೆಲದ ಮೇಲೆ, ನನ್ನ ಕಾಲಿನ ಹತ್ತಿರ ಕೂತಳು. ಚಹಾ ಬಂತು. ಮೂವರೂ ಕುಡಿದೆವು. ಹೊರಡುವಾಗ ನಿಮ್ಮಮ್ಮ ತನ್ನ ನಂಬರನ್ನು ಮಂಚದ ಮೇಲಿನ ಗೋಡೆಗೇ ದೊಡ್ಡದಾಗಿ ಬರೆದಳು, ಮತ್ತೆ ನೀರಿಗೆ ಬೀಳದ ಹಾಗೆ.

ಹರಿಹರೇಶ್ವರನ ಗುಡಿಗೂ ಹೋದೆವು, ಹೇಳಿದ್ದ ಮಾತು ಸುಳ್ಳಾಗಬಾರದಲ್ಲ.

ವಾಪಸ್ಸಿನ ಬಸ್ಸಿನಲ್ಲಿ ಒಂದೇ ಸೀಟಿತ್ತು. ನಿಮ್ಮಮ್ಮ ನನ್ನನ್ನು ಕೂರಿಸಿ ತಾನು ಕಂಬಿ ಹಿಡಿದು ನಿಂತಳು. ಊರು ದಾಟುವ ಮುಂಚೆಯೇ ನನ್ನ ಪಕ್ಕದವರು ಇಳಿದರು. ಅವಳು ಆ ಖಾಲಿ ಸೀಟು ನೋಡಿದಳು, ನನ್ನ ಮುಖ ನೋಡಿದಳು, ಕೂರಲಿಲ್ಲ. ನಾನು ಎದ್ದು ಹೋಗಲು ಬಸ್ಸಿನಲ್ಲಿ ಹಿತ್ತಲು ಎಲ್ಲಿದೆ? ಆದರೂ ಅವಳು ಕೂರಲಿಲ್ಲ ನೋಡಿ.

"ಕೂಡವ್ವ" ಅಂದೆ.

ಕೂತಳು. ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ಕಾಲು ತಾವಾಗಿ ಏಳದ ಹಾಗೆ.

"ಯಾಕತ್ತೆ, ಸುಸ್ತಾತಾ?"

"ಇಲ್ಲ." ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮುದುಕಿ ವಾರಕ್ಕೊಂದು ತಾಸಿನಲ್ಲಿ ತನ್ನ ಗಂಡನ ಬಿಲ್ಲನ್ನೇ ಹೇಳಿ ಮುಗಿಸಿದ್ದಾಳೆ, ಒಂದೇ ಮನೆಯಲ್ಲಿರುವ ನಾನು ಇನ್ನೂ ಬಾಯಿ ತೆರೆದಿಲ್ಲವಲ್ಲ ಎಂದು ಕಿಚ್ಚು ಎದ್ದಿತು. ಆ ಕಿಚ್ಚೇ ನನ್ನ ಬಾಯಿ ತೆರೆಸಿತು.

"ನಿಮ್ಮ ಮಾವ ಮನ್ಯಾಗೆ ನಿಂತೇ ಚಾ ಕುಡೀತಿದ್ರು. ಗೊತ್ತೈತಾ?"

"ಇಲ್ಲ. ಯಾಕ?"

ಹೇಳಿದೆ. ನಮ್ಮತ್ತೆ ಪಡಸಾಲೆಯಲ್ಲಿ ಕೂತಿರುತ್ತಿದ್ದುದು, ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಲ್ಲುತ್ತಿದ್ದುದು. ನಿಮ್ಮಜ್ಜ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಬಾಗಿಲಿನ ಆ ಕಡೆಯ ಚೌಕಟ್ಟಿಗೆ ಒರಗಿ, ನನ್ನ ಎದುರಿಗೆ, ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು. ನಮ್ಮತ್ತೆ "ಕೂತ್ಕಂಡು ಕುಡಿಯೋ" ಎಂದು ದಿನವೂ ಬೈಯುತ್ತಿದ್ದರು. "ಅಲ್ಲಿ ಇಡೀ ದಿನ ಕೂತೇ ಇರ್ತೀನವ್ವ, ಕಾಲು ಜೋಮು ಹಿಡಿದಾವೆ" ಎಂದು ಅವರು ದಿನವೂ ಹೇಳುತ್ತಿದ್ದರು. ನಾನೂ ನಂಬಿದ್ದೆ. ಕೂತು ಮಾಡುವ ಕೆಲಸ, ಪುಣ್ಯವಂತರು ಎಂದು ಒಳಗೇ ಅವರ ಮೇಲೂ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟಿದ್ದೆ.

ನಿಮ್ಮಮ್ಮ ನನ್ನ ಕಡೆ ಪೂರ್ತಿ ತಿರುಗಿ ಕೂತಿದ್ದಳು.

"ಆಮ್ಯಾಲೆ?"

ನನಗೆ ಒಂದು ಗಳಿಗೆ ಏನೂ ಕಾಣಲಿಲ್ಲ. ಕಿಟಕಿಯ ಹೊರಗೆ ಮನೆಯೋ, ಹೊಲವೋ ತಿಳಿಯಲಿಲ್ಲ.

ಅಷ್ಟರಲ್ಲಿ ಅವಳ ಫೋನು ಬಡಿಯಿತು. ಗೋಡೆಯ ಮೇಲಿನ ನಂಬರು ಸರಿ ಇದೆಯೋ ಇಲ್ಲವೋ ನೋಡಲು ಆ ಮುದುಕಿ ಸೊಸೆಯ ಫೋನಿನಿಂದ ಹಚ್ಚಿದ್ದಳು. ನಿಮ್ಮಮ್ಮ ಎತ್ತಿ, "ಅಮ್ಮೀ, ಸಂಜಿಗೆ ಮಾಡ್ತೀನ್ರಿ. ನಮ್ಮತ್ತೆ ಏನೋ ಹೇಳಾಕತ್ಯಾರೆ" ಎಂದು ಇಟ್ಟುಬಿಟ್ಟಳು.

ಪಾಪ, ಆ ಹೆಂಗಸಿಗೆ ಹೇಗನ್ನಿಸಿತೋ ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನನಗೆ ಬಸ್ಸಿನ ಛಾವಣಿ ಮುಟ್ಟುವಷ್ಟು ಖುಷಿಯಾಗಿತ್ತು.

ಉಳಿದದ್ದನ್ನೂ ಹೇಳಿದೆ. ಅಜ್ಜ ಹೋದ ದಿನ ಅವರ ಜೊತೆಗಾರರು ಬಾಗಿಲಲ್ಲಿ ನಿಂತು ಅಳುತ್ತಾ, "ಇಡೀ ಪಾಳಿ ಮಿಷಿನ್ ಮುಂದೆ ನಿಂತೇ ಮಾಡೋ ಕೆಲಸ ಅಮ್ಮ ನಮ್ಮದು. ಕುರ್ಚಿನೇ ಇಲ್ಲ ಅಲ್ಲಿ. ಸಂಜಿಗೆ ಅಣ್ಣನ ಕಾಲು ಬೂಟಿನ್ಯಾಗೆ ಊದಿರ್ತಿದ್ವು" ಅಂದರು. ಆ ಕಾಲಿನಲ್ಲೇ ಮನೆಗೆ ಬಂದು, ನಾನು ಒಬ್ಬಳೇ ನಿಲ್ಲಬಾರದೆಂದು, ಅಷ್ಟು ವರ್ಷ ನನ್ನ ಎದುರಿಗೆ ನಿಂತಿದ್ದರು. ಒಂದು ದಿನವೂ ಹೇಳಲಿಲ್ಲ. ನನಗೆ ತಿಳಿಯುವ ಹೊತ್ತಿಗೆ ಅವರನ್ನು ಹೊರಗೆ ಮಲಗಿಸಿದ್ದರು.

ನಿಮ್ಮಮ್ಮ ಆಮೇಲೆ ಕೇಳಿದ್ದು ಅಜ್ಜನ ಬಗ್ಗೆ ಅಲ್ಲ.

"ಅಂದ್ರೆ ನೀವು ಎದ್ದು ಹೋಗ್ತಿದ್ದುದು..."

"ಹ್ಞೂಂ" ಅಂದೆ. "ನೀ ಕೂತ್ಕೊಳ್ಳಲಿ ಅಂತ."

ದಾವಣಗೆರೆ ಬಸ್ ನಿಲ್ದಾಣ ಬರುವವರೆಗೂ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕೇಳಲು ನನಗೆ ಧೈರ್ಯ ಬರಲಿಲ್ಲ. ಇಳಿದ ಮೇಲೆ ಒಂದು ಪೊಟ್ಟಣ ಮಂಡಕ್ಕಿ, ಮಿರ್ಚಿ ಕೊಡಿಸಿದಳು. ಅಲ್ಲೇ ಕಟ್ಟೆಯ ಮೇಲೆ ಇಬ್ಬರೂ ಕೂತು ತಿಂದೆವು.

ಈಗ ಎಲ್ಲ ಸರಿಹೋಯಿತು ಎಂದು ನೀವು ತಿಳಿದರೆ ಅದು ಸುಳ್ಳು. ಈಗಲೂ ಅವಳು ನನ್ನನ್ನು ಅತ್ತೆ ಎಂದೇ ಕರೆಯುತ್ತಾಳೆ, ಆಕೆಯನ್ನು ಅಮ್ಮೀ ಎಂದು. ಮಧ್ಯಾಹ್ನದ ಫೋನು ಈಗಲೂ ಬರುತ್ತದೆ, ನನ್ನ ಮುಖ ಈಗಲೂ ಹುಣಸೆಹಣ್ಣು. ಆದರೆ ಸಂಜೆ ನಿಮ್ಮಮ್ಮ ಕೆಲಸದಿಂದ ಬಂದರೆ ನಾನು ಏಳುವುದಿಲ್ಲ. ಅವಳು ನನ್ನ ಪಕ್ಕಕ್ಕೆ ಬಂದು ಕೂತು ಕಾಲು ಚಾಚುತ್ತಾಳೆ. ಕೆಲವು ದಿನ ನಾನು ಹೇಳುತ್ತೇನೆ, ಕೆಲವು ದಿನ ಅವಳು ಹೇಳುತ್ತಾಳೆ. ಅವಳು ಹೇಳುವಾಗ "ಆಮ್ಯಾಲೆ?" ಅನ್ನುವುದನ್ನು ನಾನೂ ಕಲಿತಿದ್ದೇನೆ. ಇಡೀ ದಿನ ಬೇರೆಯವರದ್ದು ಕೇಳಿ ಬರುವವಳಿಗೆ ಕೇಳುವವರು ಯಾರು ಎಂದು ನಾನು ಮೊದಲು ಯೋಚಿಸಿರಲಿಲ್ಲ. ಆ ಮುದುಕಿ ಯೋಚಿಸಿದ್ದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ಡಬ್ಬಿ ಈ ಕಡೆ ಆ ಕಡೆ ಓಡಾಡುತ್ತಲೇ ಇದೆ. ಕಳೆದ ಸಲ ಶೇಂಗಾ ಚಟ್ನಿಪುಡಿ ತುಂಬಿ ಕಳಿಸಿದೆ, ಖಾರ ಒಂದು ಹಿಡಿ ಜಾಸ್ತಿ ಹಾಕಿ. ಆಕೆ ಫೋನಿನಲ್ಲಿ ನಿಮ್ಮಮ್ಮನಿಗೆ ಅಂದಳಂತೆ, "ನಿಮ್ಮತ್ತೆಗೆ ನನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ಬೇಟಿ. ಚಟ್ನಿ ಛಲೋ ಐತೆ, ಇನ್ನಷ್ಟು ಕಳಸ್ಲಿಕ್ಕೆ ಹೇಳು."

ಈ ಹಾಳೆಗಳನ್ನು ನಿಮ್ಮಮ್ಮನಿಗೆ ಈಗಲೇ ತೋರಿಸಬೇಡಿ, ನನಗೆ ನಾಚಿಕೆ. ನನ್ನ ಟ್ರಂಕಿನಲ್ಲಿ ಅಜ್ಜನ ಬೂಟು ಇದೆಯಲ್ಲ, ನೀವು ಓದಿ ಕೊಟ್ಟ ಮೇಲೆ ಅದರ ಕೆಳಗೆ ಇಡುತ್ತೇನೆ. ನಾನು ಹೋದ ಮೇಲೆ ಮನೆ ಸ್ವಚ್ಛ ಮಾಡುವವರು ಹಳೇ ಕಾಗದ ಎಂದು ತೂಕಕ್ಕೆ ಹಾಕಿಬಿಟ್ಟಾರು, ನಮ್ಮ ದಾವಣಗೆರೆಯಲ್ಲಿ ಬರೆದ ಕಾಗದದಲ್ಲಿ ಮಂಡಕ್ಕಿ ಕಟ್ಟುವವರಿಗೆ ಕಡಿಮೆ ಇಲ್ಲ. ಅಷ್ಟು ದೂರ ಹೋಗಗೊಡಬೇಡಿ. ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಿಮ್ಮಮ್ಮನಿಗೆ ನನ್ನಷ್ಟು ವಯಸ್ಸಾದಾಗ, ಒಂದು ಸಂಜೆ ಅವಳ ಪಕ್ಕ ಕೂತು, ಓದಿ ಹೇಳಿ.